ಹಿಡಿಕೆ ಕದ್ದವರ ಮನೆ

ಗ್ರಾಮಫೋನ್ ಪೆಟ್ಟಿಗೆಯ ಮುಚ್ಚಳ ಎತ್ತಿದ್ದೇ ತಡ, ಓಂಕಾರಪ್ಪನಿಗೆ ಪಿತ್ತ ನೆತ್ತಿಗೇರಿತು. ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಮೂವತ್ತೆಂಟು ವರ್ಷದಿಂದ ಹೊಲಿಗೆ ಯಂತ್ರ, ಗೋಡೆ ಗಡಿಯಾರ ರಿಪೇರಿ ಮಾಡಿಕೊಂಡು ಬಂದ ಮನುಷ್ಯ ಅವನು. ಯಂತ್ರಗಳಿಗೆ ಜನ ಮಾಡುವ ಅನ್ಯಾಯವನ್ನು ಸಾಕಷ್ಟು ನೋಡಿದ್ದ. ಇಂಥದ್ದನ್ನು ಮಾತ್ರ ಕಂಡಿರಲಿಲ್ಲ. ಚಾವಿ ಕೊಡುವ ತೂತಿನೊಳಗೆ ಯಾರೋ ವರ್ಷ ವರ್ಷವೂ ಕೊಬ್ಬರಿ ಎಣ್ಣೆ ಹುಯ್ದಿದ್ದರು. ಎಣ್ಣೆ ಒಳಗೆಲ್ಲ ಹರಿದು, ಧೂಳು ಹೀರಿ, ಗಟ್ಟಿಯಾಗಿ, ಹಲ್ಲಿನ ಚಕ್ರ ಯಾವುದು ಜಿಡ್ಡು ಯಾವುದು ತಿಳಿಯದಂತೆ ಕೂತಿತ್ತು. ಹೊರಗೆ ನೋಡಿದರೆ ಮರವೇ ಕಾಣದು. ಪ್ರತಿ ಆಯುಧ ಪೂಜೆಗೆ ಹಚ್ಚಿದ ವಿಭೂತಿ, ಅದರ ಮೇಲೆ ಮುಂದಿನ ವರ್ಷದ ವಿಭೂತಿ, ಹಾಗೇ ಬೆರಳು ದಪ್ಪ ಬೆಳೆದಿತ್ತು.

“ಇದನ್ನ ರಿಪೇರಿಗೆ ತಂದೀರೋ, ಮಂಗಳಾರತಿಗೆ ತಂದೀರೋ?” ಎಂದ.

ಪೆಟ್ಟಿಗೆ ತಂದವರು ಬಸವಾಪಟ್ಟಣದ ಅಡಿಕೆ ವ್ಯಾಪಾರಿ ಮುರುಗೇಶಪ್ಪ. ಜೊತೆಗೆ ಮಗ ಸತೀಶ್ ಕುಮಾರ್. ಮುರುಗೇಶಪ್ಪನವರು ಈ ಮಾತಿಗೆ ನಕ್ಕರು. ದೊಡ್ಡ ಮನೆಯವರಿಗೆ ರಿಪೇರಿಯವರ ಸಿಟ್ಟು ಒಂದು ತಮಾಷೆ.

“ಮಗಳು ರೂಪಶ್ರೀ ಮದ್ವಿ ಐತ್ರೀ, ಚನ್ನಗಿರಿ ಕಲ್ಯಾಣ ಮಂಟಪದಾಗೆ. ಬಾಗಿಲಾಗೆ ಇದು ಹಾಡ್ತಾ ಇರಬೇಕು. ನಮ್ಮ ಅಜ್ಜ ಮದ್ರಾಸಿಂದ ತರಿಸಿದ್ದು. ನಮ್ಮವ್ವ ಆ ಮನೆಗೆ ಸೊಸೆಯಾಗಿ ಬಂದಾಗಿಂದ ದೇವರ ಮನ್ಯಾಗೇ ಐತೆ. ನಾನು ಹುಟ್ಟಿದ ಮೇಲೆ ಒಂದಿನಾನೂ ಹಾಡಿದ್ದು ಕೇಳಿಲ್ಲ.”

“ಮತ್ತೆ ಇದರ ಹಿತ್ತಾಳೆ ಕೊಳವೆ ಎಲ್ಲೋ ಕಳೆದೈತೆ ಅಂಕಲ್,” ಎಂದ ಸತೀಶ್ ಕುಮಾರ್, ಮೊಬೈಲಿನಲ್ಲಿ ಥಳಥಳಿಸುವ ಒಂದು ಚಿತ್ರ ತೋರಿಸುತ್ತ. “ಈ ಥರದ್ದು ತರಿಸ್ತೀನಿ, ಮ್ಯಾಲೆ ಒಂದು ತೂತು ಕೊರೆದು ಕೂರಿಸಿಬಿಡ್ರಿ.”

ಓಂಕಾರಪ್ಪ ಒದ್ದೆ ಬಟ್ಟೆ ತಗೊಂಡು ಪೆಟ್ಟಿಗೆಯ ಮುಂಭಾಗ ತಿಕ್ಕತೊಡಗಿದ. ವಿಭೂತಿ ಕರಗಿ ಕೈಯೆಲ್ಲ ಬೆಳ್ಳಗಾಯಿತು. ಅದರಡಿಯಿಂದ ಮೊದಲು ತೇಗದ ಮರ ಕಂಡಿತು, ಆಮೇಲೆ ಎರಡು ಪುಟ್ಟ ಬಾಗಿಲು, ಆಮೇಲೆ ಇಂಗ್ಲಿಷ್ ಅಕ್ಷರದ ತಗಡಿನ ಬಿಲ್ಲೆ. ಬಾಗಿಲು ತೆರೆದು ಟಾರ್ಚ್ ಬಿಟ್ಟು ತೋರಿಸಿದ. ಒಳಗೆ ಮರದ್ದೇ ಕೊಳವೆ, ಅಗಲವಾಗುತ್ತ ಮುಂದೆ ಬಂದಿತ್ತು.

“ನೋಡಪ್ಪ. ಇದಕ್ಕೆ ಕೊಳವೆ ಹೊಟ್ಟೆಯಾಗೇ ಐತೆ. ಇಂಗ್ಲೆಂಡಿನಾಗೆ ಮಾಡಿದ ಮೇಜಿನ ಮಾಡೆಲ್ಲು, ನೂರು ವರ್ಷದ ಹತ್ರದ್ದು. ನಿನ್ನ ಮೊಬೈಲ್ನಾಗಿರೋದು ಹಳೇ ಮೋಟರಿಗೆ ಹೊಸ ಹಿತ್ತಾಳೆ ಸಿಕ್ಕಿಸಿ ಮಾರೋ ಮೋಸದ ಮಾಲು. ಅಸಲಿ ವಸ್ತು ಮನ್ಯಾಗಿಟ್ಕೊಂಡು ನಕಲಿ ಥರ ಮಾಡಿಸಾಕೆ ಬಂದೀಯಲ್ಲ, ತೂತು ಕೊರೀಬೇಕಂತೆ ತೂತು!”

ಹುಡುಗ ಮೊಬೈಲು ಜೇಬಿಗಿಳಿಸಿದ. ಆಗ ಓಂಕಾರಪ್ಪ ಕೇಳಿದ, ಚಾವಿ ಕೊಡುವ ಹಿಡಿಕೆ ಎಲ್ಲಿ ಎಂದು.

“ಅದನ್ನ ಕದ್ದುಬಿಟ್ರಲ್ಲ,” ಎಂದರು ಮುರುಗೇಶಪ್ಪ, ನಿನ್ನೆ ಮೊನ್ನೆ ನಡೆದದ್ದರಂತೆ. “ಜಗಳೂರು ಕಡೆ ಹಟ್ಟಿಯ ಕುರಿಯವರು. ಸುಗ್ಗಿ ಮುಗಿದ ಮ್ಯಾಲೆ ನಮ್ಮ ಗದ್ದೆಗಳಾಗೆ ಗೊಬ್ಬರಕ್ಕೆ ಮಂದೆ ನಿಲ್ಸಾಕೆ ಬರ್ತಿದ್ರು. ಜುಂಜಪ್ಪ ಅಂತ ಒಬ್ಬ, ಅರವತ್ತೇಳು ವರ್ಷದ ಹಿಂದೆ ನಮ್ಮವ್ವನ ಮದ್ವೇಲಿ ಹಿಡಿಕೆ ಸೊಂಟಕ್ಕೆ ಸಿಗಿಸ್ಕೊಂಡು ಹೋದ. ಹಿಡಿಕೆ ಕದ್ದೋರು ಅಂತ್ಲೇ ಹೆಸರಾತು ಅವರಿಗೆ. ಈಗ್ಲೂ ಸೂಳೆಕೆರೆ ಸುತ್ತ ಆ ಮನೆಯೋರ ಮಂದೆ ಬಂದ್ರೆ ಜನ ಹಂಗೇ ಕರೀತಾರೆ.”

ಓಂಕಾರಪ್ಪನಿಗೆ ಮೈ ಉರಿಯಿತು. ಕದಿಯುವವನು ಪೆಟ್ಟಿಗೆಯನ್ನೇ ಕದಿಯಬಹುದಿತ್ತು. ತನಗೂ ಉಪಯೋಗಕ್ಕೆ ಬರದ, ಇದ್ದವರಿಗೂ ಉಪಯೋಗಕ್ಕೆ ಬಿಡದ ಹಿಡಿಕೆಯೊಂದನ್ನು ಕದ್ದು, ಇಂಥ ಯಂತ್ರವನ್ನು ಅರವತ್ತೇಳು ವರ್ಷ ಮೂಕ ಮಾಡಿದನಲ್ಲ! ಇದು ಹೊಟ್ಟೆಕಿಚ್ಚಲ್ಲದೆ ಇನ್ನೇನು ಅಂದುಕೊಂಡ. ಕೂತಲ್ಲೇ ಆ ಕಾಣದ ಜುಂಜಪ್ಪನಿಗೆ ಮನಸಾರೆ ಬೈದ.

ಮುಂದಿನ ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮೋಟರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದ. ಡಬ್ಬಿಯೊಳಗೆ ಸುತ್ತಿಕೊಂಡ ಉಕ್ಕಿನ ಪಟ್ಟಿಯನ್ನು, ಅದು ಬಿಚ್ಚಿಕೊಂಡು ಮುಖಕ್ಕೆ ಬಡಿಯದಂತೆ, ಗೋಣಿತಟ್ಟು ಹೊದಿಸಿ ಹೊರತೆಗೆದ. ಪಟ್ಟಿ ಎಲ್ಲೂ ಮುರಿದಿರಲಿಲ್ಲ, ದಣಿದೂ ಇರಲಿಲ್ಲ. ಹಾಡಿ ಸವೆದ ಯಂತ್ರವಲ್ಲ ಇದು ಎಂದು ಅವನಿಗೆ ಇನ್ನಷ್ಟು ಸಂಕಟವಾಯಿತು. ವೇಗ ಹಿಡಿದಿಡುವ ಮೂರು ಗುಂಡುಗಳನ್ನು ಹೊಳೆಯುವವರೆಗೆ ಉಜ್ಜಿದ. ಸೂಜಿ ಕೂರುವ ಗುಂಡಿಯ ಒಳಗಿನ ಅಭ್ರಕದ ಬಿಲ್ಲೆ ಸರಿಯಾಗಿಯೇ ಇತ್ತು, ಅದರ ಸುತ್ತಲಿನ ರಬ್ಬರು ಮಾತ್ರ ಕಲ್ಲಾಗಿತ್ತು. ಸೈಕಲ್ಲಿನ ವಾಲ್ವ್ ಟ್ಯೂಬು ಕತ್ತರಿಸಿ ಹೊಸದು ಕೂರಿಸಿದ.

ಹಾಡಿನ ತಟ್ಟೆ ತಿರುಗುವ ಚಕ್ರ ಎತ್ತಿದಾಗ ಅದರಡಿಯ ಹಲಗೆಯಲ್ಲಿ ಒಂದು ಗುರುತು ಕಂಡಿತು. ಎರಡು ಕಚ್ಚು, ಅವುಗಳ ಪಕ್ಕ ಕಾದ ಕಬ್ಬಿಣದಿಂದ ಸುಟ್ಟ ಒಂದು ತೂತು. ಕಂಪನಿಯವರು ಮಾಡಿದ್ದಲ್ಲ, ಕೈಯಲ್ಲಿ ಮಾಡಿದ್ದು. ಹಿಂದೆ ಯಾರೋ ರಿಪೇರಿಯವನು ಹಾಕಿಕೊಂಡ ಗುರುತಿರಬೇಕು ಎಂದುಕೊಂಡು ಚಕ್ರ ಮತ್ತೆ ಮುಚ್ಚಿದ.

ಎಲ್ಲ ಆಯಿತು, ಹಿಡಿಕೆ ಆಗಲಿಲ್ಲ. ಮುಂಬಯಿಯಿಂದ ತರಿಸಿದ್ದು ಒಳಗೆ ಹೋಗಲೇ ಇಲ್ಲ. ಹೊನ್ನಾಳಿಯ ಲೇತ್ ಅಂಗಡಿಯಲ್ಲಿ ತಿರುವಿಸಿದ್ದು ಹೋಯಿತು, ಆದರೆ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಜಾರಿತು. ಹಳೇ ಅಳತೆಯ ತಿರುಪಿನ ಸುರುಳಿ, ಅದರದ್ದೇ ಹಿಡಿಕೆ ಬೇಕು. ಮದುವೆಗೆ ಐದು ದಿನ ಉಳಿದಿತ್ತು. ಓಂಕಾರಪ್ಪ ಅಂಗಡಿಗೆ ಬೀಗ ಹಾಕಿ, ಹೊನ್ನಾಳಿ ಮೇಲೆ ಹೋಗುವ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು, ಜಗಳೂರಿನ ಬಸ್ಸು ಹಿಡಿದ. ದಾರಿಯುದ್ದಕ್ಕೂ ಕಳ್ಳರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

ಜಗಳೂರಿನಲ್ಲಿ ವಿಚಾರಿಸಿಕೊಂಡು ಕುರಿಯವರ ಹಟ್ಟಿ ಮುಟ್ಟಿದಾಗ, ಹಟ್ಟಿಯ ಬಾಯಲ್ಲಿ ಒಬ್ಬ ಹೆಂಗಸು ಕೊಡಪಾನ ತುಂಬಿಸುತ್ತಿದ್ದಳು. ಓಂಕಾರಪ್ಪ ಗಟ್ಟಿಯಾಗಿಯೇ ಕೇಳಿದ.

“ಇಲ್ಲಿ ಹಿಡಿಕೆ ಕದ್ದ ಜುಂಜಪ್ಪನ ಮನೆ ಯಾವುದಮ್ಮ?”

ಅವಳು ನಲ್ಲಿ ನಿಲ್ಲಿಸಿದಳು.

“ನಮ್ಮದೇ. ಬರ್ರಿ,” ಎಂದಳು.

ಅವಳ ಹೆಸರು ಅರುಣಾ, ಆ ಮನೆಯ ಸೊಸೆ. ಜಗುಲಿಯ ಮೇಲೆ ಅವಳ ಅತ್ತೆ ಅಜ್ಜಮ್ಮ ಕೂತು ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ಜುಂಜಪ್ಪನ ಒಬ್ಬಳೇ ಮಗಳು, ಮದುವೆಯಾದ ಮೇಲೂ ತವರಲ್ಲೇ ಉಳಿದವಳು. ಓಂಕಾರಪ್ಪ ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನೆಲ್ಲ ನಿಂತೇ ಒದರಿದ. ಕದ್ದ ಮಾಲು ದಕ್ಕಲ್ಲ, ಸತ್ತವರ ಪಾಪ ಇದ್ದವರು ತೊಳೆದುಕೊಳ್ಳಬೇಕು, ಈಗಲಾದರೂ ಹಿಡಿಕೆ ಕೊಟ್ಟರೆ ಪುಣ್ಯ, ಅಂತೆಲ್ಲ. ಅಜ್ಜಮ್ಮ ಮರಿಯ ಬಾಯಿ ಒರೆಸಿ ಕೆಳಗಿಳಿಸಿದಳು.

“ಮುಗೀತಾ? ಇನ್ನೂ ಐತಾ?” ಎಂದಳು.

“ಮುಗೀತು.”

“ಆ ಪೆಟ್ಟಿಗಿ ಈಗ ನಿನ್ನತ್ರ ಐತಾ?”

“ಐತೆ. ರಿಪೇರಿಗೆ ಬಂದೈತೆ.”

“ತಿರುಗೋ ಚಕ್ರದ ಕೆಳಗೆ ಹಲಗಿ ನೋಡಿದ್ಯಾ?”

ಓಂಕಾರಪ್ಪ ಹೂಂ ಅಂದ. ಅಜ್ಜಮ್ಮ ಕೆಳಗಿಳಿಸಿದ ಮರಿಯನ್ನು ಮತ್ತೆ ಹಿಡಿದು ಅದರ ಬಲಗಿವಿ ಬಿಡಿಸಿ ತೋರಿಸಿದಳು. ಅಂಚಿನಲ್ಲಿ ಎರಡು ಕಚ್ಚು, ಪಕ್ಕದಲ್ಲಿ ಒಂದು ತೂತು. ದೊಡ್ಡಿಯಲ್ಲಿದ್ದ ಕುರಿಗಳನ್ನು ನೋಡಿದ. ಎಲ್ಲದರ ಕಿವಿಯಲ್ಲೂ ಅದೇ. ಕುರಿ ಸಾಕುವ ಪ್ರತಿ ಮನೆಗೂ ಒಂದೊಂದು ಕಿವಿಗುರುತು ಉಂಟು. ಹತ್ತು ಮಂದೆ ಒಂದಾದರೂ ತಮ್ಮ ಕುರಿ ಯಾವುದೆಂದು ಗೊತ್ತಾಗುವುದು ಅದರಿಂದಲೇ. ಒಂದು ಮನೆಯ ಗುರುತನ್ನು ಇನ್ನೊಂದು ಮನೆ ಹಾಕುವುದಿಲ್ಲ.

“ನಮ್ಮಪ್ಪಗೆ ಓದು ಬರಾಕಿಲ್ಲ. ಹೆಸರು ಬರೆಯೋ ಬದ್ಲು ಮನೆ ಗುರುತು ಹಾಕಿದ,” ಎಂದಳು ಅಜ್ಜಮ್ಮ.

ಅವಳು ಹೇಳಿದ್ದಿಷ್ಟು. ಜುಂಜಪ್ಪನಿಗೆ ಹಾಡಿನ ಹುಚ್ಚು. ಮುಚ್ಚಿಹೋದ ನಾಟಕ ಕಂಪನಿಯೊಂದರಿಂದ ಇಪ್ಪತ್ತು ಕುರಿ ಕೊಟ್ಟು ಪೆಟ್ಟಿಗೆ ಕೊಂಡ. ಮಂದೆಯ ಜೊತೆ ಅದನ್ನೂ ಕತ್ತೆಯ ಮೇಲೆ ಹೇರಿಕೊಂಡು ಹೋಗುವನು, ಮದುವೆಗಳಲ್ಲಿ ನುಡಿಸುವನು. ಚಾವಿ ಮಾತ್ರ ಇನ್ನೊಬ್ಬರ ಕೈಗೆ ಕೊಡುವವನಲ್ಲ. ಹುಡುಗರು ಬಿಗಿಯಾಗಿ ತಿರುಗಿಸಿದರೆ ಒಳಗಿನ ಪಟ್ಟಿ ಮುರಿಯುತ್ತದೆ ಎಂದು, ಹಾಡು ಮುಗಿದ ಕೂಡಲೇ ಹಿಡಿಕೆ ಕಿತ್ತು ಸೊಂಟಕ್ಕೆ ಸಿಗಿಸಿಕೊಳ್ಳುವುದು ಅವನ ಪದ್ಧತಿ. ಬಸವಾಪಟ್ಟಣದ ದೊಡ್ಡ ಮನೆಯ ಮದುವೆಗೂ ಹಾಗೆಯೇ ಹೋದ. ಸೂಜಿ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತವಳು ಒಂಬತ್ತು ವರ್ಷದ ಅಜ್ಜಮ್ಮ.

“ಮೂರನೇ ದಿನ ಹೊಂಟ್ವಿ. ‘ಪೆಟ್ಟಿಗಿ ಇರ್ಲಿ ಜುಂಜ, ಮದ್ವಿ ಮುಗೀಲಿ, ಆಮೇಲೆ ನೋಡಾನ’ ಅಂದ ಆ ಮನೆ ಯಜಮಾನ. ಮಂದಿ ಮುಂದೆ ಎದುರಾಡಾಕಾಗ್ದೆ ಬಿಟ್ಟು ಬಂದ ನಮ್ಮಪ್ಪ. ಎಂಟು ದಿನ ಆದ ಮ್ಯಾಲೆ ಹೋದ್ರೆ ಪೆಟ್ಟಿಗಿ ದೇವರ ಮನ್ಯಾಗೆ! ಮೈತುಂಬ ವಿಭೂತಿ ಹಚ್ಯಾರೆ. ‘ಸೊಸಿ ಜೊತೆ ಬಂದ ಲಕ್ಷ್ಮಿ, ವಿಭೂತಿ ಹಚ್ಚಿದ್ದು ಮನಿ ಬಿಟ್ಟು ಹೋಗಾಕಿಲ್ಲ, ಸುಮ್ನೆ ಹಿಡಿಕೆ ಕೊಡು’ ಅಂದ್ರು. ಕೊಡಾಕಿಲ್ಲ ಅಂದ. ಅವತ್ತಿಂದ ನಾವು ಕಳ್ಳರು.”

ಓಂಕಾರಪ್ಪ ಜಗುಲಿಯ ಮೇಲೆ ಕೂತ. ತಾನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತೆಗೆದ ವಿಭೂತಿ ನೆನಪಾಯಿತು. ತನ್ನ ಹಣೆಯ ಮೇಲೂ ಬೆಳಿಗ್ಗೆ ಹಚ್ಚಿಕೊಂಡದ್ದು ಅದೇ ವಿಭೂತಿ. ಅದನ್ನು ಮುಚ್ಚಳ ಮಾಡಿಕೊಂಡು ಬಡವನ ಮಾಲು ನುಂಗಿದರಲ್ಲ! ನುಂಗಿ ಸುಮ್ಮನಿರದೆ ಅವನನ್ನೇ ಕಳ್ಳ ಅಂದರಲ್ಲ! ಅದನ್ನು ನಂಬಿ ತಾನೂ ಅವರ ಮನೆ ಬಾಗಿಲಿಗೇ ಬಂದು ಬೈದೆನಲ್ಲ! ಕೊನೆಯದೇ ಅವನಿಗೆ ಎಲ್ಲಕ್ಕಿಂತ ಉರಿಯಿತು.

ಅಜ್ಜಮ್ಮ ದೇವರ ಗೂಡಿನಿಂದ ಹಿಡಿಕೆ ತಂದಳು. ತುಕ್ಕಿರಲಿಲ್ಲ. ಮರದ ಹಿಡಿಯ ಮೇಲೆ ಎರಡು ಕಚ್ಚು, ಒಂದು ತೂತು.

“ನನ್ನ ಮಗ ನಾಗರಾಜ ಈಗ್ಲೂ ಆ ಕಡೆ ಮಂದೆ ನಿಲ್ಸಾಕೆ ಹೋಗ್ತಾನೆ. ಕಳ್ಳರ ನಾಗ ಅಂತಾರಂತೆ. ನನಗೆ ಪೆಟ್ಟಿಗಿಗಿಂತ ಮೊದ್ಲು ಆ ಹೆಸರು ಹೋಗ್ಬೇಕು. ಹಿಡಿಕೆ ನಿನ್ನ ಕೈಗೆ ಕೊಡಾಕಿಲ್ಲ. ನಾನೇ ಬರ್ತೀನಿ, ನಾನೇ ತಿರುಗಿಸ್ತೀನಿ. ಹೆಸರು ಇಟ್ಟಿದ್ದು ಮದ್ವಿ ಮನ್ಯಾಗೆ, ತೆಗೀಬೇಕಾದ್ದೂ ಅಲ್ಲೇ.”

ಓಂಕಾರಪ್ಪ ನ್ಯಾಮತಿಗೆ ಬಂದವನೇ ಮುರುಗೇಶಪ್ಪನವರಿಗೆ ಫೋನು ಮಾಡಿ ಇದ್ದದ್ದನ್ನೆಲ್ಲ ಹೇಳಿದ.

“ಹಳೇದನ್ನೆಲ್ಲ ಈಗ್ಯಾಕೆ ಕೆದಕ್ತೀರಿ? ನಾನೇನು ಆಗ ಹುಟ್ಟಿದ್ನಾ?” ಎಂದರು. “ಆ ಮುದುಕಿ ಬರ್ಲಿ ಬಿಡ್ರಿ, ಹಾಡಿಸ್ಲಿ. ಊಟ ಹಾಕಿ ಒಂದು ಸೀರೆ ಕೊಟ್ಟು ಕಳಿಸಾನ. ನಿಮಗೆ ಕೊಟ್ಟಿದ್ದು ರಿಪೇರಿ ಮಾಡಾಕೆ, ಪಂಚಾಯ್ತಿ ಮಾಡಾಕಲ್ಲ.”

ಓಂಕಾರಪ್ಪನಿಗೆ ಫೋನನ್ನು ಸೀಮೆಎಣ್ಣೆ ತಟ್ಟೆಯಲ್ಲಿ ಮುಳುಗಿಸಬೇಕೆನ್ನಿಸಿತು.

ಮದುವೆಯ ದಿನ ಚನ್ನಗಿರಿಯ ಮಂಟಪದ ಬಾಗಿಲಲ್ಲೇ ಮೇಜು ಹಾಕಿ, ಮಲ್ಲಿಗೆ ಸುತ್ತಿ, ನಡುವೆ ಪೆಟ್ಟಿಗೆ ಇಟ್ಟಿದ್ದರು. ಪಕ್ಕದಲ್ಲಿ ಚೆಂದದ ಅಕ್ಷರದ ಹಲಗೆ: ‘ವಧುವಿನ ಮುತ್ತಜ್ಜನವರು ಮದ್ರಾಸಿನಿಂದ ತರಿಸಿದ ಗ್ರಾಮಫೋನ್’. ಅಜ್ಜಮ್ಮನಿಗೆ ಓದು ಬಾರದು, ಏನು ಬರೆದಿದೆ ಎಂದು ಕೇಳಿದಳು. ಓಂಕಾರಪ್ಪ ಓದಿ ಹೇಳಿದ. ಓದುವಾಗ ಅವನ ನಾಲಿಗೆ ಸುಟ್ಟಂತಾಯಿತು. ಅಜ್ಜಮ್ಮ ಸೊಂಟದಿಂದ ಹಿಡಿಕೆ ತೆಗೆದಳು.

ಧಾರೆ ಮುಗಿದು ಜನ ಬಾಗಿಲ ಕಡೆ ಬಂದರು. ಹಿಡಿಕೆ ಪೆಟ್ಟಿಗೆಯೊಳಗೆ ಒಂದು ಸಲಕ್ಕೇ ಕೂತಿತು. ಎಷ್ಟು ಸಲೀಸಾಗಿ ಕೂತಿತೆಂದರೆ ಓಂಕಾರಪ್ಪನ ಕಣ್ಣಲ್ಲಿ ನೀರು ಬಂತು. ಅಜ್ಜಮ್ಮ ಎಣಿಸುತ್ತ ತಿರುಗಿಸಿದಳು, ಹೊಸ ಸೂಜಿ ಹಾಕಿದಳು, ಹಿಡಿಕೆ ಕಿತ್ತು ಸೊಂಟಕ್ಕೆ ಸಿಗಿಸಿಕೊಂಡಳು. ಓಂಕಾರಪ್ಪ ತಂದಿಟ್ಟಿದ್ದು ಕ್ಲಾರಿಯೋನೆಟ್ ತಟ್ಟೆ. ಮೊದಲು ಕರಕರ ಅಂದು, ಆಮೇಲೆ ಮಂಟಪದ ತುಂಬ ದನಿ ಎದ್ದಿತು. ಮೈಕಿಲ್ಲ, ಕರೆಂಟಿಲ್ಲ, ಮರದ ಹೊಟ್ಟೆಯಿಂದ ಅಷ್ಟು ದೊಡ್ಡ ದನಿ. ನೂರು ಮೊಬೈಲು ಮೇಲೆದ್ದವು. ವಧು ರೂಪಶ್ರೀ ಹಸೆಮಣೆಯಿಂದ ಓಡಿಬಂದಳು. ಮುರುಗೇಶಪ್ಪನವರು ಬೀಗರ ಹೆಗಲ ಮೇಲೆ ಕೈಯಿಟ್ಟು ಅಜ್ಜನ ದೊಡ್ಡಸ್ತಿಕೆ ಹೇಳತೊಡಗಿದರು.

ತಟ್ಟೆಯ ಅರ್ಧಕ್ಕೆ ದನಿ ಜಗ್ಗತೊಡಗಿತು. ಇಳಿಯಿತು, ನರಳಿತು, ಎಳೆದೆಳೆದು ನಿಂತಿತು. ಅಜ್ಜಮ್ಮ ಬೇಕೆಂದೇ ಅರ್ಧ ಚಾವಿ ಕೊಟ್ಟಿದ್ದಳು.

“ತಿರುಗಿಸಮ್ಮ,” ಎಂದರು ಮುರುಗೇಶಪ್ಪ.

“ತಿರುಗಿಸ್ತೀನಿ. ಮೊದ್ಲು ಈ ಪೆಟ್ಟಿಗಿ ಯಾರದು ಅಂತ ಹೇಳ್ರಿ. ನಾನು ಜುಂಜಪ್ಪನ ಮಗಳು.”

“ಓ, ಹಿಡಿಕೆ ಕದ್ದೋರ ಕಡೆಯಾಕಿ!” ಎಂದ ನೆಂಟರಲ್ಲಿ ಯಾರೋ. ನಾಲ್ಕು ಜನ ಕಿಸಕ್ಕನೆ ನಕ್ಕರು.

ಓಂಕಾರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ತಟ್ಟೆ ಎತ್ತಿಟ್ಟು, ತಿರುಗುವ ಚಕ್ರ ಕಿತ್ತು ಪಕ್ಕಕ್ಕಿಟ್ಟ. “ಬರ್ರಿ ನಗೋರೆಲ್ಲ, ಬಂದು ನೋಡ್ರಿ! ಈ ಹಲಗೀ ಮ್ಯಾಲಿನ ಗುರುತು ನೋಡ್ರಿ, ಆಕೀ ಹಿಡಿಕೇ ಮ್ಯಾಲಿನ ಗುರುತು ನೋಡ್ರಿ. ಆ ಮನೆ ಕುರಿ ಒಂದೊಂದ್ರ ಕಿವಿಯಾಗೂ ಇದೇ ಐತೆ. ಪೆಟ್ಟಿಗಿ ನುಂಗಿ ಹಿಡಿಕೆ ಕದ್ರು ಅಂತೀರಲ್ಲ, ನಾಚಿಕೆ ಆಗಾಕಿಲ್ವಾ?”

“ಏಯ್, ಯಾರ್ರೀ ಇವ್ರನ್ನ ಒಳಗೆ ಬಿಟ್ಟಿದ್ದು,” ಎಂದು ಸತೀಶ್ ಕುಮಾರ್ ಮುಂದೆ ಬಂದ.

“ನಿಲ್ಲೋ,” ಎಂದಿತು ಹಿಂದಿನಿಂದ ಒಂದು ಸಣ್ಣ ದನಿ.

ಮುರುಗೇಶಪ್ಪನವರ ತಾಯಿ ಸರ್ವಮಂಗಳಮ್ಮ. ಎಂಬತ್ತನಾಲ್ಕರ ಮುದುಕಿ, ಮೊಮ್ಮಗಳ ತೋಳು ಹಿಡಿದು ಮೇಜಿನ ಹತ್ತಿರ ಬಂದಳು. ಗುರುತಿನ ಮೇಲೆ ಬೆರಳಾಡಿಸಿದಳು.

“ನನ್ನ ಮದ್ವೀಗೆ ಬಂದಿದ್ದು ಇದು. ತಂದೋನು ಜುಂಜಪ್ಪ. ಮಗಳು ಪಕ್ಕದಾಗೆ ಸೂಜಿ ಡಬ್ಬಿ ಹಿಡ್ಕೊಂಡು ಕೂತಿತ್ತು, ಹಸಿರು ಲಂಗ. ಪೆಟ್ಟಿಗಿ ಕೇಳಾಕೆ ಬಂದಾಗ ನಮ್ಮ ಮಾವ ಗದರಿಸಿದ್ದೂ ಕೇಳಿದೀನಿ. ಕಳ್ಳರು ಅವರಲ್ಲ, ನಾವು.”

“ಅವ್ವಾ, ಮಂದಿ ಅದಾರೆ,” ಎಂದರು ಮುರುಗೇಶಪ್ಪ.

“ಅವತ್ತೂ ಮಂದಿ ಇದ್ರು. ಹೊಸ ಸೊಸಿ ಅಂತ ಬಾಯಿ ಬಿಡ್ಲಿಲ್ಲ. ಆಮೇಲೆ ಹಳೇ ಸೊಸಿ ಆದೆ, ಅತ್ತಿ ಆದೆ, ಆಗ್ಲೂ ಬಿಡ್ಲಿಲ್ಲ. ವರ್ಷ ವರ್ಷ ಇದಕ್ಕೆ ವಿಭೂತಿ ಹಚ್ಚಿ ಎಣ್ಣೆ ಹುಯ್ದೋಳೂ ನಾನೇ.”

ಮುದುಕಿ ಅಜ್ಜಮ್ಮನ ಕೈ ಹಿಡಿಯಲು ಹೋದಳು. ಅಜ್ಜಮ್ಮ ಕೈ ಕೊಡಲಿಲ್ಲ.

“ಅರವತ್ತೇಳು ವರ್ಷ ಆತಲ್ಲವ್ವ,” ಎಂದಳು. “ನಮ್ಮಪ್ಪ ಸಾಯೋ ಮಟ ವರ್ಷಾ ವರ್ಷ ನಿಮ್ಮ ಬಾಗಿಲ ಮುಂದೆ ಬಂದು ನಿಲ್ತಿದ್ದ. ಒಂದಿನ ಹೊರಗೆ ಬಂದು ಈ ಮಾತು ಅಂದಿದ್ರೆ ಸಾಕಾಗ್ತಿತ್ತು.”

ಸರ್ವಮಂಗಳಮ್ಮ ತಲೆ ತಗ್ಗಿಸಿದಳು. ನಕ್ಕವರು ಊಟದ ಮನೆಯ ಕಡೆ ಜಾರಿಕೊಂಡರು. ರೂಪಶ್ರೀ ಆ ಚೆಂದದ ಅಕ್ಷರದ ಹಲಗೆಯನ್ನು ಎತ್ತಿ ಮಗುಚಿಟ್ಟಳು. ಮುರುಗೇಶಪ್ಪನವರು ಬೀಗರ ಮುಖ ನೋಡಿದರು, ಓಂಕಾರಪ್ಪನ ಮುಖ ನೋಡಿದರು, ಕೊನೆಗೆ ದನಿ ತಗ್ಗಿಸಿ ಅಜ್ಜಮ್ಮನಿಗೆ ಅಂದರು.

“ಆತು ತಾಯಿ. ಮದ್ವಿ ಮುಗೀಲಿ, ಆಮೇಲೆ ನೋಡಾನ.”

ಅಜ್ಜಮ್ಮ ನಕ್ಕುಬಿಟ್ಟಳು. “ನಿಮ್ಮಜ್ಜನೂ ಇದೇ ಮಾತು ಅಂದಿದ್ದ,” ಎಂದಳು.

ಓಂಕಾರಪ್ಪ ಮುಂದಿನ ಮಾತಿಗೆ ಕಾಯಲಿಲ್ಲ. ಚಕ್ರ ಕೂರಿಸಿ, ಮುಚ್ಚಳ ಹಾಕಿ, ಮಲ್ಲಿಗೆ ಮಾಲೆ ತೆಗೆದು ಮೇಜಿನ ಮೇಲಿಟ್ಟು, ಪೆಟ್ಟಿಗೆಯನ್ನು ಎದೆಗವುಚಿ ಎತ್ತಿದ. ಬಾಗಿಲಲ್ಲಿ ಸತೀಶ್ ಕುಮಾರ್ ಅಡ್ಡ ನಿಂತಿದ್ದ. ರೂಪಶ್ರೀ ಬಂದು ಅಣ್ಣನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

ದಾವಣಗೆರೆಯ ಬಸ್ಸು ತುಂಬಿತ್ತು. ಅಜ್ಜಮ್ಮನಿಗೆ ಸೀಟು ಸಿಕ್ಕಿತು, ಪೆಟ್ಟಿಗೆ ಅವಳ ಕಾಲ ಹತ್ತಿರ ದಾರಿಗಡ್ಡವಾಗಿ ಕೂತಿತು. ನಿಂತಿದ್ದ ಓಂಕಾರಪ್ಪ ಇನ್ನೂ ಬುಸುಗುಡುತ್ತಲೇ ಇದ್ದ. ಕಂಡಕ್ಟರು ಜನರನ್ನು ಸರಿಸಿಕೊಂಡು ಬಂದವನು ಪೆಟ್ಟಿಗೆಗೆ ಕಾಲು ತಾಗಿ ನಿಂತ.

“ಇದ್ಯಾರ್ದು ರೀ ಲಗೇಜು?” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ.

ಓಂಕಾರಪ್ಪ ಬಾಯಿ ತೆರೆದ. ಅಜ್ಜಮ್ಮ ಅವನ ಕೈ ಮುಟ್ಟಿ ಸುಮ್ಮನಿರಿಸಿದಳು. ಸೀಟಿನಿಂದ ಎದ್ದು ನಿಂತು, ಕಂಡಕ್ಟರಿನಷ್ಟೇ ಗಟ್ಟಿಯಾಗಿ ಹೇಳಿದಳು.

“ನಮ್ದು. ನಮ್ಮಪ್ಪಂದು.”